ಎಆರ್ ಪರದೆಯಲ್ಲಿ ನೆಲದಡಿಯ ಕೊಳವೆ ಡಾಂಬರಿನ ಮೇಲೆ ಮಲಗಿದಂತೆ ಕಾಣುವುದೇಕೆ?

ಪ್ರಶ್ನೆ: ನಾನು ಬೆಂಗಳೂರಿನಲ್ಲಿ ಚರಂಡಿ ಕಾಮಗಾರಿಯ ಮೇಲ್ವಿಚಾರಕ. ಟ್ಯಾಬ್ಲೆಟ್ ಹಿಡಿದರೆ ನೆಲದಡಿಯ ಕೊಳವೆಗಳನ್ನು ಕ್ಯಾಮೆರಾ ಚಿತ್ರದ ಮೇಲೆಯೇ ತೋರಿಸುವ ಎಆರ್ (ಆಗ್ಮೆಂಟೆಡ್ ರಿಯಾಲಿಟಿ) ಆ್ಯಪ್ ಒಂದನ್ನು ನಮಗೆ ಕೊಟ್ಟಿದ್ದಾರೆ. ನೀರಿನ ಕೊಳವೆಯ ಪಕ್ಕದಲ್ಲಿ ‘ಆಳ 1.5 ಮೀಟರ್’ ಎಂದು ಬರೆದಿದೆ, ಆದರೆ ಕೊಳವೆ ಮಾತ್ರ ರಸ್ತೆಯ ಮೇಲೆ ಮಲಗಿದಂತೆ ಕಾಣುತ್ತದೆ. ಜೆಸಿಬಿ ಚಾಲಕ ಇಣುಕಿ ನೋಡಿ, “ಎತ್ತಿ ಪಕ್ಕಕ್ಕಿಡಲೇ ಸರ್?” ಎಂದು ನಕ್ಕ. ದೋಷ ಆ್ಯಪ್‌ನದೋ, ನನ್ನ ಕಣ್ಣಿನದೋ?

ಉತ್ತರ (ಸರ್ವೇ ಎಂಜಿನಿಯರ್): ಎರಡೂ ಸರಿಯಾಗಿಯೇ ಇರಬಹುದು ಸರ್. ಮರೆಮಾಡಿದ್ದು ಹತ್ತಿರ, ಮರೆಯಾದದ್ದು ದೂರ ಎನ್ನುವುದು ಕಣ್ಣಿನ ಹಳೆಯ ಲೆಕ್ಕ. ಪರದೆಯಲ್ಲಿ ಕೊಳವೆಯ ಬಣ್ಣ ಡಾಂಬರನ್ನು ಮುಚ್ಚುತ್ತದೆ, ಹಾಗಾಗಿ ಕೊಳವೆಯೇ ಮೇಲಿದೆ ಎಂದು ಕಣ್ಣು ತೀರ್ಮಾನಿಸುತ್ತದೆ. ಪಕ್ಕದಲ್ಲಿ ಬರೆದ ಸಂಖ್ಯೆಗೆ ಅದು ಸೊಪ್ಪು ಹಾಕುವುದಿಲ್ಲ.

ಇದರಲ್ಲಿ ನಗುವಂಥದ್ದು ಕಡಿಮೆ. ಟ್ಯಾಬ್ಲೆಟ್ ನೆಲದಿಂದ 1.5 ಮೀಟರ್ ಎತ್ತರದಲ್ಲಿದೆ, ಕೊಳವೆಯೂ 1.5 ಮೀಟರ್ ಆಳದಲ್ಲಿದೆ ಎನ್ನಿ. ನಿಮ್ಮಿಂದ 3 ಮೀಟರ್ ಮುಂದಿರುವ ಕೊಳವೆ ಪರದೆಯಲ್ಲಿ 1.5 ಮೀಟರ್ ದೂರದ ಡಾಂಬರಿನ ಮೇಲೆ ಬಿದ್ದಂತೆ ತೋರುತ್ತದೆ. ಅಲ್ಲಿಯೇ ಸುಣ್ಣದ ಗೆರೆ ಎಳೆದರೆ ಒಂದೂವರೆ ಮೀಟರ್ ತಪ್ಪಿದಿರಿ! ಆಳದ ಭ್ರಮೆ ನೆಲದ ಮೇಲೆ ಅಡ್ಡದ ತಪ್ಪಾಗುವುದು ಹೀಗೆ. ಪರೀಕ್ಷಿಸಬೇಕೆಂದರೆ ಪರದೆ ನೋಡುತ್ತಲೇ ನಾಲ್ಕು ಹೆಜ್ಜೆ ಮುಂದೆ ನಡೆಯಿರಿ. ಗೆರೆ ಇದ್ದಲ್ಲೇ ಇರುತ್ತದೆ, ಕೊಳವೆ ಮುಂದಕ್ಕೆ ಜಾರುತ್ತದೆ.

ಆ್ಯಪ್‌ನಲ್ಲಿ ಕೃತಕ ಗುಂಡಿ ತೋರಿಸುವ ಆಯ್ಕೆಯಿದ್ದರೆ ಅದನ್ನೇ ಹಾಕಿಕೊಳ್ಳಿ. ರಸ್ತೆಯನ್ನು ಚೌಕಾಕಾರವಾಗಿ ಕೊರೆದಂತೆ ಚಿತ್ರಿಸಿ, ಕೊಳವೆಯನ್ನು ಅದರ ತಳದಲ್ಲಿ ಇಡುತ್ತದೆ. ನೀವು ಅತ್ತಿತ್ತ ಸರಿದರೆ ಗುಂಡಿಯ ಅಂಚು ಕೊಳವೆಯನ್ನು ಮುಚ್ಚಿ ತೆರೆದು ಮಾಡುತ್ತದೆ, ಕಣ್ಣಿಗೆ ಬೇಕಾಗಿದ್ದ ಸಾಕ್ಷಿ ಅದೇ. ಕೊಳವೆಯನ್ನು ಮಸುಕು ಮಾಡುವ ಆಯ್ಕೆಯಿಂದ ನನಗಂತೂ ಏನೂ ಪ್ರಯೋಜನ ಕಂಡಿಲ್ಲ. ಗೆರೆ ಹಾಕುವಾಗ ಮಾತ್ರ ಕೊಳವೆಯ ನೆತ್ತಿಯ ಮೇಲೆಯೇ ನಿಂತು, ಟ್ಯಾಬ್ಲೆಟನ್ನು ನೇರ ಕೆಳಕ್ಕೆ ಹಿಡಿಯಿರಿ.

ಪ್ರಶ್ನೆ: ಮೊನ್ನೆ ನಮ್ಮ ಗೆರೆ ತಪ್ಪಿದ್ದು ಯಾಕೆಂದು ಈಗ ತಿಳಿಯಿತು. ಆ 1.5 ಮೀಟರ್ ಎಂಬುದನ್ನಾದರೂ ನಂಬಬಹುದೇ?

ಉತ್ತರ: ಎಲ್ಲಿಂದ ಬಂದ ಸಂಖ್ಯೆ ಎಂದು ಮೊದಲು ಕೇಳಿ. ಹಳೆಯ ನಕ್ಷೆಯದಾದರೆ ಅದು ಅಂದಿನ ರಸ್ತೆಯಿಂದ ಅಳೆದ ಆಳ. ಆಮೇಲೆ ಡಾಂಬರಿನ ಮೇಲೆ ಡಾಂಬರು ಎಷ್ಟು ಬಾರಿ ಬಿದ್ದಿದೆಯೋ! ನೆಲದೊಳಕ್ಕೆ ರೇಡಿಯೊ ಅಲೆ ಕಳಿಸಿ ಹುಡುಕುವ ಜಿಪಿಆರ್ ರಾಡಾರ್‌ನಿಂದ ಬಂದಿದ್ದರೆ ಮಣ್ಣಿನ ತೇವವನ್ನು ಕೇಳಿ. ರಾಡಾರ್ ಅಳೆಯುವುದು ಪ್ರತಿಧ್ವನಿ ಮರಳುವ ಸಮಯವನ್ನು, ಆಳವನ್ನಲ್ಲ. ಒದ್ದೆ ಮಣ್ಣಿನಲ್ಲಿ ಅಲೆ ನಿಧಾನವಾಗಿ ಸಾಗುತ್ತದೆ. 20 ನ್ಯಾನೊಸೆಕೆಂಡಿನಲ್ಲಿ ಮರಳಿದ ಪ್ರತಿಧ್ವನಿ ಒಣಗಿದಂಥ ಮಣ್ಣಿನಲ್ಲಿ ಸುಮಾರು 1 ಮೀಟರ್ ಆಳವಾದರೆ, ನೆನೆದ ಜೇಡಿಮಣ್ಣಿನಲ್ಲಿ ಸುಮಾರು 60 ಸೆಂಟಿಮೀಟರ್. ಬೇಸಿಗೆಯ ಲೆಕ್ಕವನ್ನು ಮಳೆಗಾಲದ ಮಣ್ಣಿಗೆ ಹಾಕಿದರೆ ಕೊಳವೆ ಇರುವುದಕ್ಕಿಂತ ಆಳದಲ್ಲಿ ಕಾಣುತ್ತದೆ, ಜೆಸಿಬಿಯ ಹಲ್ಲು ಧೈರ್ಯವಾಗಿ ಇಳಿಯುತ್ತದೆ.

ಜೆಸಿಬಿ ಇಳಿಸುವ ಮೊದಲು ಗೆರೆಯ ಮೇಲೆ ಎರಡು ಕಡೆ ಕೈಯಿಂದಲೇ ಪರೀಕ್ಷಾ ಗುಂಡಿ ತೆಗೆಸಿ. ಹಾರೆಯನ್ನು ಜೋರಾಗಿ ಕುಕ್ಕಲು ಬಿಡಬೇಡಿ, ನಕ್ಷೆಯಲ್ಲಿಲ್ಲದ ವಿದ್ಯುತ್ ಕೇಬಲ್ ಇರಬಹುದು. ಕೊಳವೆಯ ನೆತ್ತಿ ಸಿಕ್ಕ ಕೂಡಲೇ ಟೇಪು ಹಿಡಿದು ಅಳೆದು, ಆ್ಯಪ್‌ನ ಸಂಖ್ಯೆಯನ್ನು ಅಲ್ಲೇ ತಿದ್ದಿಸಿ.