ತಮ್ಮನ ಅರ್ಜಿಯ ಬಗ್ಗೆ ಅನುಭವಿಗಳ ಸಲಹೆ ಬೇಕು
ಎಲ್ಲರಿಗೂ ನಮಸ್ಕಾರ. ಹನ್ನೊಂದನೇ ತರಗತಿಯಲ್ಲಿರುವ ನನ್ನ ತಮ್ಮ ಪದವಿ ಓದಲು ಅಮೆರಿಕದ ವಿಶ್ವವಿದ್ಯಾಲಯಗಳಾದ ಎಂಐಟಿ, ಹಾರ್ವರ್ಡ್, ಸ್ಟ್ಯಾನ್‌ಫರ್ಡ್ ಬಿಟ್ಟು ಬೇರೆ ಹೆಸರನ್ನೇ ಎತ್ತುವುದಿಲ್ಲ. ಇವು ನೂರು ಅರ್ಜಿಗಳಲ್ಲಿ ಐದನ್ನೂ ಒಪ್ಪುವುದಿಲ್ಲ ಎಂಬುದು ಗೊತ್ತಿದ್ದೇ ಕೇಳುತ್ತಿದ್ದೇನೆ.

ಅಲ್ಲಿನ ಪ್ರವೇಶಕ್ಕೆ ಬರೆಯುವ ಎಸ್‌ಎಟಿ ಪರೀಕ್ಷೆಯಲ್ಲಿ 1600ಕ್ಕೆ 1510 ಬಂದಿದೆ, ಅದರಲ್ಲಿ ಗಣಿತಕ್ಕೆ 800ಕ್ಕೆ 790. ಇನ್ನೊಮ್ಮೆ ಬರೆಯಬೇಕೇ, ಅಥವಾ ಆ ಸಮಯವನ್ನು ಅರ್ಜಿಯ ಜೊತೆ ಕಳಿಸುವ ಪ್ರಬಂಧಗಳಿಗೆ ಕೊಡುವುದು ಮೇಲೇ?

ನನ್ನನ್ನು ಹೆಚ್ಚು ಕಾಡುತ್ತಿರುವುದು ಬೇರೆ. ಒಂಬತ್ತನೇ ತರಗತಿಯಲ್ಲಿ ಅಪ್ಪನ ಕಾಯಿಲೆಯಿಂದಾಗಿ ಅವನ ಅಂಕಗಳು ಕುಸಿದಿದ್ದವು. ಅದನ್ನು ಅವನೇ ಬರೆಯಬೇಕೇ, ಶಾಲೆಯ ಕೌನ್ಸೆಲರ್ ಪತ್ರದಲ್ಲಿ ಹೇಳಿದರೆ ಸಾಕೇ? ಅನುಕಂಪ ಬೇಡುವಂತೆ ಕಾಣಬಾರದು ಎಂದು ಅವನು ಹಟ ಹಿಡಿದಿದ್ದಾನೆ, ಅದು ನನಗೂ ಸರಿಯೆನಿಸುತ್ತದೆ. ಒಲಿಂಪಿಯಾಡ್ ಪದಕಗಳಿಲ್ಲ. ಎರಡು ವರ್ಷಗಳಿಂದ ಚಿಕ್ಕ ಮಕ್ಕಳಿಗೆ ಪ್ರತಿ ಶನಿವಾರ ಗಣಿತ ಹೇಳಿಕೊಡುತ್ತಾನೆ. ನನ್ನ ಕಣ್ಣಿಗೆ ಅದೇ ಅವನ ದೊಡ್ಡ ಸಾಧನೆ, ಆದರೆ ಆಯ್ಕೆ ಸಮಿತಿಗೆ ಹಾಗೆ ಕಂಡೀತೇ?

ಮತ್ತೊಂದು ಗೊಂದಲ: ಹಾರ್ವರ್ಡ್‌ಗೆ ಮುಂಚಿತ ಅರ್ಜಿ (ಸಾಮಾನ್ಯ ಸುತ್ತಿಗಿಂತ ಮೊದಲು, ನವೆಂಬರ್ 1ರೊಳಗೆ ಸಲ್ಲಿಸುವುದು) ಹಾಕಿದರೆ ಎಂಐಟಿಗೆ ಮುಂಚಿತವಾಗಿ ಹಾಕುವಂತಿಲ್ಲ. ಎಂಜಿನಿಯರಿಂಗ್ ಬಯಸುವವನು ಯಾವುದನ್ನು ಆರಿಸಬೇಕು? ಪಟ್ಟಿಗೆ ಸೇರಿಸಬಹುದಾದ, ಇಷ್ಟು ಕಠಿಣವಲ್ಲದ ವಿಶ್ವವಿದ್ಯಾಲಯಗಳ ಹೆಸರುಗಳನ್ನೂ ದಯವಿಟ್ಟು ತಿಳಿಸಿ.