ಟೆರೇಸ್ ಕೆಳಗಿನ ಫ್ಲ್ಯಾಟ್: ಬೆಳ್ಳಿ ಹಾಳೆ ಅಂಟಿಸಿದ್ರೆ ಎ.ಸಿ. ಬಿಲ್ ಇಳಿಯುತ್ತಾ?

ಪ್ರಶ್ನೆ: ಕೋಥರೂಡ್, ಪುಣೆ

ಎಲ್ಲರಿಗೂ ನಮಸ್ಕಾರ. ನಮ್ಮದು ಕೋಥರೂಡ್‌ನಲ್ಲಿ ನಾಲ್ಕು ಮಹಡಿಯ ಹಳೇ ಸೊಸೈಟಿ. ನಾವಿರೋದು ನಾಲ್ಕನೇ ಮಹಡಿ, ತಲೆ ಮೇಲೆ ನೇರ ಟೆರೇಸ್. ಮಾರ್ಚ್ ಕೊನೆಗೆ ಸೀಲಿಂಗ್‌ನಿಂದ ಬಿಸಿ ಇಳಿಯೋಕೆ ಶುರುವಾದ್ರೆ ಜೂನ್ ಮಳೆ ಹಿಡಿಯೋವರೆಗೂ ಬಿಡಲ್ಲ. ರಾತ್ರಿ ಹತ್ತಕ್ಕೆ ಬಾಲ್ಕನಿಯಲ್ಲಿ ತಂಪು ಗಾಳಿ ಇರುತ್ತೆ, ಮಲಗೋ ಕೋಣೆಯಲ್ಲಿ ಮಾತ್ರ ಬೆವರು. ಅತ್ತೆಗೆ ವಯಸ್ಸಾಗಿದೆ, ಬೇಸಿಗೆಯಲ್ಲಿ ಎ.ಸಿ. ಇಲ್ಲದೆ ಅವರಿಗೆ ನಿದ್ದೆ ಹತ್ತಲ್ಲ. ಅವರನ್ನ ಹಾಗೇ ಬಿಡೋಕೂ ಆಗಲ್ಲ. ಆದರೆ ಏಪ್ರಿಲ್, ಮೇ ತಿಂಗಳಲ್ಲಿ 300 ಯೂನಿಟ್ ದಾಟಿದ ಕೂಡಲೇ ಮೇಲಿನ ಹಂತದ ದರ ಬೀಳುತ್ತೆ, ಬಿಲ್ ಒಮ್ಮೆಗೇ ಏರಿಬಿಡುತ್ತೆ.

ಇಂಗ್ಲೆಂಡಿನ ಲೀಡ್ಸ್‌ನಲ್ಲಿರೋ ನನ್ನ ತಂಗಿ ಚಳಿಗಾಲಕ್ಕೆ ಮುಂಚೆ, ಕೋಣೆ ಬಿಸಿ ಮಾಡೋ ರೇಡಿಯೇಟರ್ ಹಿಂದಿನ ಗೋಡೆಗೆ ಬೆಳ್ಳಿ ಬಣ್ಣದ ಫಾಯಿಲ್ ಹಾಳೆ ಹಾಕಿದ್ದಾಳೆ. ಬಿಸಿ ಗೋಡೆಗೆ ಹೋಗದೆ ಕೋಣೆಗೆ ವಾಪಸ್ ಬರುತ್ತೆ, ಗ್ಯಾಸ್ ಉಳಿಯುತ್ತೆ ಅಂತಾಳೆ. ಇಲ್ಲಿ ಒಂದು ಅಂಗಡಿಯಲ್ಲಿ ಅಂಥದ್ದೇ ‘ಹೀಟ್‌ಪ್ರೂಫ್ ಶೀಟ್’ ತೋರಿಸಿದರು. ಸೀಲಿಂಗ್‌ಗೆ ಅಂಟಿಸಿ, ಅದರ ಮೇಲೆ ನೇರವಾಗಿ ಪಿ.ಒ.ಪಿ. (ಪ್ಲಾಸ್ಟರ್ ಆಫ್ ಪ್ಯಾರಿಸ್) ಮಾಡಿಸಿ ಅಂತಾರೆ. ಚಳಿಯ ದೇಶದಲ್ಲಿ ಬಿಸಿ ಉಳಿಸೋ ಹಾಳೆ ಇಲ್ಲಿ ಬಿಸಿ ತಡೆಯುತ್ತಾ? ಮಾಡಿಸಿದವರು ಇದ್ದರೆ ದಯವಿಟ್ಟು ಹೇಳಿ.

ಉತ್ತರ: ಡೊಂಬಿವಲಿ

ಅಕ್ಕ, ನಾನು ಉಡುಪಿ ಕಡೆಯವ. ಮುಂಬೈ, ಠಾಣೆಯಲ್ಲಿ ವಾಟರ್‌ಪ್ರೂಫಿಂಗ್ ಕೆಲಸ ಮಾಡಿಸ್ತಾ ಬಂದವ. ಬಿಸಿಲನ್ನು ಸ್ಲ್ಯಾಬಿನ ಮೇಲೆಯೇ ತಡೀಬೇಕು. ಸ್ಲ್ಯಾಬ್ ಒಮ್ಮೆ ಕಾದ ಮೇಲೆ ಕೆಳಗಿನಿಂದ ಏನು ಮಾಡಿದರೂ ಅದು ಅರ್ಧ ಕೆಲಸ. ಕಾಂಕ್ರೀಟ್ ಹಗಲಿಡೀ ಬಿಸಿ ಹೀರ್ತದೆ, ಅದು ಕೆಳಗಿನ ಮುಖಕ್ಕೆ ಬಂದು ಮುಟ್ಲಿಕ್ಕೆ ಗಂಟೆಗಟ್ಟಲೆ ಬೇಕು. ಹಾಗಾಗಿಯೇ ನಿಮಗೆ ಮಧ್ಯಾಹ್ನಕ್ಕಿಂತ ರಾತ್ರಿ ಹೆಚ್ಚು ಸೆಕೆ. ಹೊರಗೆ ತಂಪಾಗಿರ್ತದೆ, ಸ್ಲ್ಯಾಬ್ ಆಗ ಬಿಸಿ ಕಾರ್ತಾ ಇರ್ತದೆ.

ಮುಂಬೈಯ ಹಳೇ ಕಟ್ಟಡಗಳಲ್ಲಿ ನೋಡಿ, ಟೆರೇಸಿನ ಬ್ರಿಕ್‌ಬ್ಯಾಟ್ ಕೋಬಾದ (ಇಟ್ಟಿಗೆ ಚೂರು, ಸಿಮೆಂಟ್ ಗಾರೆ ಹಾಸಿದ ಪದರದ) ಮೇಲೆ ಬಿಳಿ ಟೈಲ್ಸಿನ ಚೂರು ಕೂರಿಸಿ ಚೈನಾ ಮೊಸಾಯಿಕ್ ಮಾಡ್ತಿದ್ದರು. ಅದು ನೀರೂ ತಡೀತಿತ್ತು, ಬಿಸಿಲೂ ತಡೀತಿತ್ತು. ಈಗ ಆ ಕೆಲಸಕ್ಕೆ ಬಿಳಿ ರಿಫ್ಲೆಕ್ಟಿವ್ ಕೋಟಿಂಗ್ ಬಂದಿದೆ. ಬರೀ ಸಿಮೆಂಟಿನ ಟೆರೇಸ್ ಮೇಲೆ ಬಿದ್ದ ಬಿಸಿಲಿನಲ್ಲಿ ಮೂರರಲ್ಲಿ ಒಂದು ಪಾಲಿನಷ್ಟೇ ವಾಪಸ್ ಹೋಗ್ತದೆ. ಹೊಸದಾಗಿ ಬಳಿದ ಒಳ್ಳೇ ಬಿಳಿ ಕೋಟಿಂಗ್ 80%ರಷ್ಟು ವಾಪಸ್ ಕಳಿಸ್ತದೆ. ಡಬ್ಬದ ಮೇಲೆ ಎಸ್.ಆರ್.ಐ. ಅಂತ ಒಂದು ಸಂಖ್ಯೆ ಇರ್ತದೆ, ಬಿಸಿಲಿನಲ್ಲಿ ಕೋಟಿಂಗ್ ಎಷ್ಟು ತಂಪಾಗಿ ಉಳೀತದೆ ಅನ್ನುವ ಅಳತೆ ಅದು, 100ರ ಆಸುಪಾಸು ಇದ್ದದ್ದನ್ನೇ ತಗೊಳ್ಳಿ. ಗೋಡೆಗೆ ಹೊಡೆಯುವ ಬಿಳಿ ಪೇಂಟ್ ಬೇಡ. ನೀರು ನಿಂತರೆ, ಜನ ಓಡಾಡಿದರೆ ಅದು ಎದ್ದು ಬರ್ತದೆ.

ಕೆಲಸ ಕೆಡುವುದು ಬಳಿಯುವಾಗ ಅಲ್ಲ, ಅದಕ್ಕಿಂತ ಮೊದಲು. ಪಾಚಿಯನ್ನು ವೈರ್ ಬ್ರಶ್ಶಿನಲ್ಲಿ ಉಜ್ಜಿ ತೆಗೀಬೇಕು. ಬಿರುಕು ತುಂಬಬೇಕು. ಕೋಬಾ ಟೊಳ್ಳಾಗಿದ್ದರೆ ಬಡಿದು ನೋಡಿದಾಗ ಶಬ್ದದಲ್ಲೇ ಗೊತ್ತಾಗ್ತದೆ, ಅಲ್ಲಿ ಕಿತ್ತು ಹೊಸದು ಹಾಕಬೇಕು. ಆಮೇಲೆ ಪೂರ್ತಿ ಒಣಗಿಸಿ ಪ್ರೈಮರ್, ಅದರ ಮೇಲೆ ಎರಡು ಕೋಟ್, ಒಂದು ಉದ್ದಕ್ಕೆ, ಇನ್ನೊಂದು ಅಡ್ಡಕ್ಕೆ. ಜನವರಿಯಿಂದ ಮಾರ್ಚ್ ಒಳಗೆ, ಬೆಳಗ್ಗೆ ಬಿಸಿಲೇರುವ ಮುಂಚೆ ಮಾಡಿಸಿ. ಕಾದ ಸ್ಲ್ಯಾಬಿನ ಮೇಲೆ ಬಳಿದರೆ ಹಿಡಿಯುವ ಮೊದಲೇ ಒಣಗಿ ಸಿಪ್ಪೆ ಏಳ್ತದೆ.

ಉತ್ತರ: ಚಿಂಚ್‌ವಡ್, ಪುಣೆ

ಅಕ್ಕಾರ, ನಾವು ವಿಜಯಪುರ ಜಿಲ್ಲಾದವರು. ನಮ್ಮದು ಸಣ್ಣ ಮನಿ, ಮ್ಯಾಲೆ ಅರ್ಧ ಸ್ಲ್ಯಾಬ್, ಅರ್ಧ ತಗಡಿನ ಪತ್ರಾ. ಕೋಟಿಂಗಿಗೆ ಅಷ್ಟು ರೊಕ್ಕ ಹಾಕಾಕ ಆಗದವರಿಗೆ ಸುಣ್ಣ ಐತ್ರಿ. ಪ್ರತಿ ವರ್ಷ ಶಿವರಾತ್ರಿ ಆದ ಮ್ಯಾಲೆ ಸ್ಲ್ಯಾಬಿಗೆ ಹೊಡೀತೀವಿ. ಸುಣ್ಣ ರಾತ್ರಿ ನೆನಿ ಹಾಕಿ, ಸೋಸಿ, ಫೆವಿಕಾಲ್ ಕೂಡಿಸಿ ಎರಡು ಕೈ ಹೊಡದ್ರ ಬ್ಯಾಸಿಗಿ ದಾಟ್ತೈತಿ. ಸುಣ್ಣ ಹೊಡಿಯೋವಾಗ ಕಣ್ಣಿಗೆ ಕನ್ನಡಕ, ಕೈಗೆ ಗ್ಲೌಸ್ ಇರಲೇಬೇಕ್ರಿ. ಕಣ್ಣಾಗ ಸಿಡಿದ್ರ ಭಾಳ ತ್ರಾಸ. ಮಳಿಗಾಲದಾಗ ತೊಳದು ಹೋಗ್ತೈತಿ, ಮತ್ತ ಮುಂದಿನ ವರ್ಷ ಹೊಡೀಬೇಕು. ಆದ್ರ ಬ್ಯಾಸಿಗಿಯೊಳಗ ರಾತ್ರಿ ಮಕ್ಕಳು ಫ್ಯಾನಿನ ಗಾಳಿಗೇ ಮಲಗ್ತಾರ, ಅದು ನಮಗ ದೊಡ್ಡದು.

ಪತ್ರಾದ ಕಡೆ ಫಾಯಿಲ್ ಹಾಕೀವಿ, ಅದು ಖರೇನ ಕೆಲಸ ಮಾಡ್ತೈತ್ರಿ. ಪತ್ರಾಕ್ಕ ಹತ್ತಿಸಿ ಹಾಕಬಾರದು. ಕಟ್ಟಿಗಿ ಪಟ್ಟಿ ಬಡದು, ನಾಲ್ಕು ಬಟ್ಟಿನಷ್ಟು ಸಂದು ಬಿಟ್ಟು, ಬಬಲ್ ಫಾಯಿಲ್ ಶೀಟ್ ಕಟ್ಟೀವಿ. ಎರಡೂ ತುದಿ ತೆರದ ಬಿಟ್ಟೀವಿ, ಸಂದಿನ ಬಿಸಿ ಗಾಳಿ ಹೊರಗ ಹೋಗಾಕ. ಥರ್ಮಾಕೋಲ್ ಮಾತ್ರ ಯಾರೂ ಹಾಕಬ್ಯಾಡ್ರಿ. ವಾಯರ್ ಶಾರ್ಟ್ ಆಗಿ ಕಿಡಿ ಬಿದ್ದರ ಉಳಿಗಾಲ ಇಲ್ಲ.

ಉತ್ತರ: ಔಂಧ್, ಪುಣೆ

ತಾಯಿ, ನಾನು ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸಿದವನು. ಚಿಂಚ್‌ವಡ್‌ನವರು ಬಿಟ್ಟ ಆ ಸಂದಿನಲ್ಲೇ ನಿಮ್ಮ ಪ್ರಶ್ನೆಗೆ ಉತ್ತರ ಇದೆ, ಅದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಹೊಳೆಯುವ ಅಲ್ಯೂಮಿನಿಯಂ ಹಾಳೆಗೆ ಎರಡು ಗುಣ. ತನ್ನ ಮೇಲೆ ಬಿದ್ದ ಶಾಖದ ಕಿರಣಗಳಲ್ಲಿ ಸುಮಾರು 95%ರಷ್ಟನ್ನು ಹಿಂದಕ್ಕೆ ಕಳಿಸುತ್ತದೆ. ತಾನೇ ಬಿಸಿಯಾದರೂ ಕಿರಣದ ರೂಪದಲ್ಲಿ ಬಹಳ ಕಡಿಮೆ ಶಾಖ ಹೊರಬಿಡುತ್ತದೆ. ಇವೆರಡೂ ನಡೆಯಬೇಕಾದರೆ ಹೊಳೆಯುವ ಮುಖದ ಎದುರಿಗೆ ಗಾಳಿಯ ಜಾಗ ಇರಬೇಕು. ನಿಮ್ಮ ತಂಗಿಯ ಮನೆಯಲ್ಲಿ ರೇಡಿಯೇಟರಿಗೂ ಹಾಳೆಗೂ ನಡುವೆ ಆ ಜಾಗ ಇದೆ. ಹಾಳೆಯ ಹಿಂದಿರುವುದು ಹೊರಗಿನ ಚಳಿಗೆ ಮೈಯೊಡ್ಡಿದ ಇಟ್ಟಿಗೆ ಗೋಡೆಯಾಗಿದ್ದರೆ ಅಷ್ಟು ಶಾಖ ಉಳಿಯುತ್ತದೆ. ಒಳಗೋಡೆಯ ರೇಡಿಯೇಟರ್ ಹಿಂದೆ, ಅಥವಾ ಮೊದಲೇ ಇನ್ಸುಲೇಶನ್ ತುಂಬಿದ ಗೋಡೆಯ ಮೇಲೆ ಹಾಕಿದರೆ ಹೇಳಿಕೊಳ್ಳುವಂಥ ಉಳಿತಾಯ ಇಲ್ಲ. ತಂಗಿಗೂ ಇದನ್ನು ತಿಳಿಸಿ.

ಈಗ ಅಂಗಡಿಯವರ ಸಲಹೆ ನೋಡಿ. ಸ್ಲ್ಯಾಬಿಗೆ ಹಾಳೆ ಅಂಟಿ, ಹಾಳೆಗೆ ಪಿ.ಒ.ಪಿ. ಅಂಟಿದರೆ ನಡುವೆ ಗಾಳಿಯೇ ಇಲ್ಲ. ಅಲ್ಯೂಮಿನಿಯಂ ಶಾಖವನ್ನು ಚೆನ್ನಾಗಿ ಸಾಗಿಸುವ ಲೋಹ, ಹಾಗಾಗಿ ಸ್ಲ್ಯಾಬಿನ ಬಿಸಿ ನೇರ ಪಿ.ಒ.ಪಿ.ಗೆ ದಾಟುತ್ತದೆ. ಆ ಖರ್ಚು ಖಂಡಿತ ಬೇಡ. ಹಾಳೆಯ ಹೊಳಪಿನ ಮೇಲೆ ಬಿಳಿ ಪ್ಲಾಸ್ಟಿಕ್ ಪದರ ಇದ್ದರೂ, ಬಣ್ಣ ಬಳಿದರೂ ಗುಣ ಹೋದಂತೆಯೇ. ಸ್ಲ್ಯಾಬಿನಿಂದ ಕೆಳಗೆ ಜಾಗ ಬಿಟ್ಟು ಫಾಲ್ಸ್ ಸೀಲಿಂಗ್ ಇಳಿಬಿಟ್ಟರೆ ಆಗ ಹಾಳೆಗೆ ಅರ್ಥ ಇದೆ. ಅಲ್ಲಿ ಅದನ್ನು ಸ್ಲ್ಯಾಬಿನ ಅಡಿಗೆ, ಹೊಳೆಯುವ ಮುಖ ಕೆಳಗೆ ಬರುವಂತೆ ಹಾಕಬೇಕು. ಮೇಲ್ಮುಖವಾಗಿದ್ದರೆ ಧೂಳು ಕೂತು ಹೊಳಪು ಸಾಯುತ್ತದೆ. ಆದರೆ ನಿಮ್ಮಂಥ ಹಳೇ ಫ್ಲ್ಯಾಟಿನ ಎತ್ತರದಲ್ಲಿ ಫ್ಯಾನ್ ತೀರ ಕೆಳಗೆ ಬರುತ್ತದೆ, ಮಳೆಗಾಲದಲ್ಲಿ ಸ್ಲ್ಯಾಬ್ ಎಲ್ಲಿ ಸೋರುತ್ತಿದೆ ಎಂಬುದೂ ಕಣ್ಣಿಗೆ ಬೀಳುವುದಿಲ್ಲ. ಆದ್ದರಿಂದ ನನ್ನ ಮತವೂ ಡೊಂಬಿವಲಿಯವರದೇ.

ಇನ್ನೊಂದು ವಿಷಯ ಜನ ಗಮನಿಸುವುದಿಲ್ಲ. ಪುಣೆಯಲ್ಲಿ ಮೇ ಮಧ್ಯದಲ್ಲಿ ಸೂರ್ಯ ಮಧ್ಯಾಹ್ನ ನೆತ್ತಿಯ ಮೇಲೇ ಇರುತ್ತಾನೆ, ನೆಟ್ಟ ಕಂಬಕ್ಕೆ ನೆರಳೇ ಬೀಳುವುದಿಲ್ಲ. ಅಂದರೆ ಬೇಸಿಗೆಯ ಬಿಸಿಲಿನ ಹೆಚ್ಚಿನ ಪಾಲು ಬೀಳುವುದು ಟೆರೇಸಿನ ಮೇಲೆ. ಆಮೇಲೆ ಪೂರ್ವ, ಪಶ್ಚಿಮದ ಗೋಡೆ ಕಿಟಕಿಗಳು. ದಕ್ಷಿಣದ ಕಿಟಕಿಗೆ ಮೇ ತಿಂಗಳಲ್ಲಿ ನೇರ ಬಿಸಿಲು ಇಲ್ಲವೆನ್ನುವಷ್ಟು ಕಡಿಮೆ, ಅಲ್ಲಿ ದುಡ್ಡು ಹಾಕಬೇಡಿ. ಪಶ್ಚಿಮದ ಕಿಟಕಿಗೆ ಬಿದಿರಿನ ಚಿಕ್ ಪರದೆಯನ್ನು ಹೊರಗಡೆ ಕಟ್ಟಿ. ಒಳಗೆ ಎಷ್ಟು ದಪ್ಪ ಪರದೆ ಹಾಕಿದರೂ ಗಾಜು ದಾಟಿದ ಬಿಸಿಲು ಆಗಲೇ ಮನೆಯೊಳಗೆ ಬಂದಾಯಿತು.

ಉತ್ತರ: ಪೋಂಡಾ, ಗೋವಾ

ನಮ್ಮ ಮೂಲ ಕುಮಟಾ, ಈಗ ಗೋವೆಯಲ್ಲಿ ಮಂಗಳೂರು ಹಂಚಿನ ಬಾಡಿಗೆ ಮನೆ. ಹಂಚಿನ ಕೆಳಗೆ ಫಾಯಿಲ್ ಹಾಕಿಸಿದ್ದೇವೆ, ಮಧ್ಯಾಹ್ನದ ಉರಿ ಎಷ್ಟೋ ಕಡಿಮೆಯಾಗಿದೆ. ಹಾಕಿಸುವವರು ಮಾಡಿನ ತುದಿಯಲ್ಲಿ ಗಾಳಿ ಹೋಗಲು ಸಂದು ಬಿಡಿ, ಹಂಚಿನ ಸಂದಿಯ ಉಸಿರು ಕಟ್ಟಬೇಡಿ. ಇಲ್ಲದಿದ್ದರೆ ಮಳೆಗಾಲದಲ್ಲಿ ರೀಪಿನ ಮರ ಬೂಸಲು ಹಿಡಿಯುತ್ತದೆ. ಇಲ್ಲಿ ಸುಣ್ಣದ ಉಪಾಯ ನಡೆಯುವುದಿಲ್ಲ, ಸೆಕೆಯಲ್ಲಿ ತೇವ ಇರುವುದರಿಂದ ಏರ್ ಕೂಲರೂ ನಡೆಯುವುದಿಲ್ಲ. ನಿಮ್ಮ ಪುಣೆಯ ಒಣ ಏಪ್ರಿಲ್‌ಗೆ ಕೂಲರ್ ಸರಿಯಾಗುತ್ತದೆ, ಎದುರಿನ ಕಿಟಕಿ ತೆರೆದಿಡಬೇಕು ಅಷ್ಟೆ.

ಬಿಲ್ಲಿನಲ್ಲಿ ನಮಗೆ ಕಂಡ ವ್ಯತ್ಯಾಸ ಫ್ಯಾನಿನಿಂದ ಬಂತು. ಹಳೇ ಸೀಲಿಂಗ್ ಫ್ಯಾನ್ 75 ವ್ಯಾಟ್ ತಿನ್ನುತ್ತದೆ, ಕಡಿಮೆ ವಿದ್ಯುತ್ ತಿನ್ನುವ ಮೋಟರಿನ ಬಿ.ಎಲ್.ಡಿ.ಸಿ. ಫ್ಯಾನ್ 30ರ ಸುತ್ತಮುತ್ತ. ದಿನಕ್ಕೆ 12 ತಾಸು ತಿರುಗಿದರೆ ಒಂದೊಂದು ಫ್ಯಾನಿಗೆ ತಿಂಗಳಿಗೆ 16 ಯೂನಿಟ್ ಉಳಿತಾಯ. 300ರ ಅಂಚಿನಲ್ಲಿ ಇರುವವರಿಗೆ ಮೂರು ಫ್ಯಾನ್ ಬದಲಿಸಿದರೂ ಸಾಕಾಗಬಹುದು. ಎ.ಸಿ.ಯನ್ನು ಒಂದು ಡಿಗ್ರಿ ಏರಿಸಿದರೆ ಸುಮಾರು 6% ವಿದ್ಯುತ್ ಉಳಿಯುತ್ತದೆ ಎಂದು ಕೇಂದ್ರದ ಇಂಧನ ದಕ್ಷತಾ ಬ್ಯೂರೋ (ಬಿ.ಇ.ಇ.) ಹೇಳುತ್ತದೆ. ಫ್ಯಾನ್ ಜೊತೆಗಿದ್ದರೆ ಅತ್ತೆಯವರಿಗೆ 26–27ರಲ್ಲೂ ಹಿತವಾಗಿ ನಿದ್ದೆ ಬರುತ್ತದೆ, ಇಟ್ಟು ನೋಡಿ.

ಮತ್ತೆ ಕೋಥರೂಡ್‌ನಿಂದ

ಎಲ್ಲರಿಗೂ ತುಂಬಾ ಧನ್ಯವಾದ. ಸರ್, ತಂಗಿಗೆ ಈಗಲೇ ಮೆಸೇಜ್ ಹಾಕಿದೆ, ಅವಳದ್ದು ಹೊರಗೋಡೆಯೇ ಅಂತೆ. ಪಿ.ಒ.ಪಿ. ಯೋಚನೆ ಬಿಟ್ಟೆ. ಆದರೆ ಟೆರೇಸ್ ಎಲ್ಲರದ್ದು. ಬಣ್ಣ ಹೊಡೆಸೋಕೆ ಕೆಳಗಿನ ಮಹಡಿಯವರು ಯಾಕೆ ದುಡ್ಡು ಕೊಡಬೇಕು ಅಂತ ಸೆಕ್ರೆಟರಿ ಕೇಳ್ತಾರೆ. ಇದನ್ನ ಹೇಗೆ ಒಪ್ಪಿಸಿದ್ರಿ?

ಉತ್ತರ: ಡೊಂಬಿವಲಿ

ಅಕ್ಕ, ಅವರ ಪ್ರಶ್ನೆಯಲ್ಲಿ ನ್ಯಾಯ ಉಂಟು, ಹಾಗಾಗಿ ನೀವು ಕೇಳುವ ರೀತಿ ಬದಲಾಗಬೇಕು. ತಂಪಿಗೆ ಬಣ್ಣ ಅಂತ ಕೇಳಬೇಡಿ, ವಾಟರ್‌ಪ್ರೂಫಿಂಗ್ ಅಂತ ಕೇಳಿ. ಮಹಾರಾಷ್ಟ್ರದ ಹೌಸಿಂಗ್ ಸೊಸೈಟಿಗಳ ಮಾದರಿ ಉಪವಿಧಿ ಪ್ರಕಾರ ಟೆರೇಸಿನಿಂದ ಮಳೆನೀರು ಸೋರಿದರೆ ರಿಪೇರಿ ಖರ್ಚು ಸೊಸೈಟಿಯದ್ದು. ಇದು ಸುಳ್ಳು ನೆಪ ಅಲ್ಲ. ಬಿಸಿಲಿಗೆ ದಿನವೂ ಹಿಗ್ಗಿ ಕುಗ್ಗಿಯೇ ಸ್ಲ್ಯಾಬ್ ಬಿರುಕು ಬಿಡುವುದು, ಆ ಬಿರುಕಿನಲ್ಲೇ ನೀರು ಇಳಿದು ಸರಳು ತುಕ್ಕು ಹಿಡಿಯುವುದು. ಮೇಲ್ಛಾವಣಿ ಕಡಿಮೆ ಕಾದರೆ ಇಡೀ ಕಟ್ಟಡದ ಆಯುಷ್ಯಕ್ಕೆ ಒಳ್ಳೆಯದು, ನೆಲಮಹಡಿಯವರಿಗೂ ಸೇರಿ. ಅಹಮದಾಬಾದಿನಲ್ಲಿ ಬಡಾವಣೆಗಳ ಮಾಡಿಗೆ ಬಿಳಿ ಬಳಿಸಿದ್ದಾರೆ, ತೆಲಂಗಾಣ ಸರ್ಕಾರ 2023ರಲ್ಲಿ ಇದಕ್ಕಾಗಿಯೇ ಕೂಲ್ ರೂಫ್ ನೀತಿ ತಂದಿದೆ. ಈ ಸಂಗತಿಗಳನ್ನೂ ಅರ್ಜಿಯಲ್ಲಿ ಬರೀರಿ.

ಅರ್ಜಿ ಬಾಯಿಮಾತಿನಲ್ಲಿ ಬೇಡ. ಬರೆದು ಕೊಟ್ಟು, ಅರ್ಜಿ ತಲುಪಿತು ಅಂತ ಇನ್‌ವರ್ಡ್ ಸಹಿ ಹಾಕಿಸಿಕೊಂಡು, ಜನರಲ್ ಬಾಡಿ ಮೀಟಿಂಗಿನ ಅಜೆಂಡಾದಲ್ಲಿ ಸೇರಿಸಲು ಹೇಳಿ. ವಾಟರ್‌ಪ್ರೂಫಿಂಗ್ ಆಗ್ತದೆ ಅಂತಾದರೆ ಮೇಲಿನ ಕೋಟ್ ಬೂದು ಬಣ್ಣದ್ದೋ ಬಿಳಿ ರಿಫ್ಲೆಕ್ಟಿವ್ ಬಣ್ಣದ್ದೋ ಎಂಬ ಆಯ್ಕೆ ಮಾತ್ರ ಉಳೀತದೆ. ಆ ವ್ಯತ್ಯಾಸದ ಹಣವನ್ನು ನಾಲ್ಕನೇ ಮಹಡಿಯವರು ಸೇರಿ ಕೊಡ್ತೇವೆ ಅನ್ನಿ. ನಾನು ನೋಡಿದ ಸೊಸೈಟಿಗಳಲ್ಲಿ ಈ ಮಾತಿಗೆ ಹೆಚ್ಚಿನವರು ಒಪ್ಪಿದ್ದಾರೆ.

ಅಲ್ಲಿಯವರೆಗೆ ಅತ್ತೆಯವರ ಕೋಣೆಯ ಮೇಲಿನಷ್ಟು ಜಾಗಕ್ಕೆ ಮಾತ್ರ ಸುಣ್ಣ ಹೊಡೆಯಲಿಕ್ಕೆ ಲಿಖಿತ ಅನುಮತಿ ಕೇಳಿ. ಅದಕ್ಕೆ ಯಾರೂ ಬೇಡ ಅನ್ನುವುದಿಲ್ಲ, ಖರ್ಚೂ ಕಡಿಮೆ. ಚಿಂಚ್‌ವಡ್‌ನವರು ಹೇಳಿದ ಹಾಗೆ ಮಾಡಿಸಿ, ಒಂದು ವಾರ ಬಿಟ್ಟು ರಾತ್ರಿ ಒಂಬತ್ತಕ್ಕೆ ಸೆಕ್ರೆಟರಿಯನ್ನು ಮನೆಗೆ ಕರೀರಿ. ಸ್ಟೂಲ್ ಹತ್ತಿ ಆ ಕೋಣೆಯ ಸೀಲಿಂಗ್ ಮುಟ್ಟಲಿ, ಆಮೇಲೆ ಹಾಲ್‌ನ ಸೀಲಿಂಗ್ ಮುಟ್ಟಲಿ. ಇನ್‌ಫ್ರಾರೆಡ್ ಥರ್ಮಾಮೀಟರ್ ಸಿಕ್ಕಿದರೆ ಎರಡೂ ಕಡೆಯ ಅಂಕಿ ಬರೆದು ಅರ್ಜಿಗೆ ಲಗತ್ತಿಸಿ. ಕೊಟೇಶನ್ ಕನಿಷ್ಠ ಮೂರು ತರಿಸಿ. ಪ್ರತಿಯೊಂದರಲ್ಲೂ ತೊಳೆಯುವುದು, ಬಿರುಕು ತುಂಬುವುದು, ಪ್ರೈಮರ್, ಎರಡು ಕೋಟ್ ಬೇರೆ ಬೇರೆ ಸಾಲಿನಲ್ಲಿ ಬರೆದಿರಬೇಕು. ದಸರಾ ಮುಗಿದ ಮೇಲೆ ವರ್ಷಕ್ಕೊಮ್ಮೆ ಟೆರೇಸ್ ತೊಳೆದು ಕೊಡುವ ಕೆಲಸವನ್ನೂ ಅದರಲ್ಲೇ ಸೇರಿಸಿ. ಪುಣೆಯ ಧೂಳಿನಲ್ಲಿ ತೊಳೆಯದೆ ಬಿಟ್ಟ ಬಿಳಿ ಬೇಗ ಬೂದಾಗ್ತದೆ.