ಅಪ್‌ಡೇಟ್: ಲ್ಯಾಪರೋಸ್ಕೋಪಿಯಲ್ಲಿ ಕರುಳಿಗೆ ತಗಲುವ ಸುಟ್ಟಗಾಯ

ಹೊಟ್ಟೆಗೆ ಸಣ್ಣ ತೂತು ಮಾಡಿ ಕ್ಯಾಮೆರಾ ಇಳಿಸಿ ಮಾಡುವ ಶಸ್ತ್ರಚಿಕಿತ್ಸೆ ಲ್ಯಾಪರೋಸ್ಕೋಪಿ. ಅದರಲ್ಲಿ ಕ್ಯಾಮೆರಾದಲ್ಲಿ ಎಲ್ಲವೂ ಸರಿಯಾಗಿ ಕಂಡಿದ್ದರೂ ಕರುಳು ಸುಡುವುದು ಹೇಗೆ, ಅದು ತಡವಾಗಿ ಗೊತ್ತಾಗುವುದೇಕೆ ಎಂದು ಕೇಳಿದ್ದೆ. ಉತ್ತರಗಳನ್ನೆಲ್ಲ ಪರಿಶೀಲಿಸಿದ ಮೇಲೆ ಉಳಿದದ್ದು ಇಷ್ಟು.

ಕರೆಂಟಿನಿಂದ ಅಂಗಾಂಶ ಕತ್ತರಿಸುವ, ರಕ್ತ ನಿಲ್ಲಿಸುವ ಮಾನೋಪೋಲಾರ್ ಉಪಕರಣದ ತುದಿಯಷ್ಟೇ ಪರದೆಯಲ್ಲಿ ಕಾಣುತ್ತದೆ. ಹಿಂದಿನ ದಂಡ ಕಾಣುವುದಿಲ್ಲ. ದಂಡದ ಇನ್ಸುಲೇಶನ್‌ನಲ್ಲಿ (ಕರೆಂಟ್ ತಡೆಯುವ ಹೊದಿಕೆ) ಕೂದಲೆಳೆಯಷ್ಟು ಬಿರುಕಿದ್ದರೂ ಕರೆಂಟ್ ಅಲ್ಲಿಂದಲೇ ಕರುಳಿಗೆ ಹಾರಬಹುದು. ಬಿರುಕು ಚಿಕ್ಕದಾದಷ್ಟೂ ಕರೆಂಟ್ ಒಂದೇ ಬಿಂದುವಿನಲ್ಲಿ ಸಾಂದ್ರವಾಗುವುದರಿಂದ ಅಪಾಯ ಹೆಚ್ಚು. ಲೋಹದ ಕ್ಯಾನ್ಯುಲಾಗೆ (ಉಪಕರಣವನ್ನು ಹೊಟ್ಟೆಯೊಳಗೆ ಇಳಿಸುವ ಕೊಳವೆ) ಪ್ಲಾಸ್ಟಿಕ್ ಕಾಲರ್ ಹಾಕುವ ಮಿಶ್ರ ಪೋರ್ಟ್ ಖಂಡಿತ ಬೇಡ: ಒಳಗಿನ ಉಪಕರಣದಿಂದ ಕ್ಯಾನ್ಯುಲಾದಲ್ಲಿ ಸೇರಿದ ಚಾರ್ಜ್ ಹೊಟ್ಟೆಯ ಗೋಡೆಗೆ ಹರಿದುಹೋಗಲು ದಾರಿಯೇ ಇರದೆ ಕರುಳಿಗೆ ಹರಿಯಬಹುದು.

ಕೆಲಸ ನಡೆಯುವಷ್ಟು ಕಡಿಮೆ ಪವರ್ ಸಾಕು. ಕಟ್ (ಕತ್ತರಿಸುವ) ಮೋಡ್‌ನಲ್ಲಿ ವೋಲ್ಟೇಜ್ ಕೋಆಗ್‌ಗಿಂತ (ರಕ್ತ ಹೆಪ್ಪುಗಟ್ಟಿಸುವ ಮೋಡ್) ಕಡಿಮೆ. ತುದಿ ಅಂಗಾಂಶಕ್ಕೆ ತಾಗುವ ಮೊದಲೇ ಕರೆಂಟ್ ಹರಿಸುವ ಪೆಡಲ್ ಒತ್ತಬಾರದು. ಅತಿವೇಗದ ಕಂಪನದಿಂದ ಕತ್ತರಿಸುವ ಅಲ್ಟ್ರಾಸಾನಿಕ್ ಬ್ಲೇಡ್‌ನಿಂದ ಅಂಗಾಂಶಕ್ಕೆ ಕರೆಂಟ್ ಹರಿಯದು, ನಿಜ. ಆದರೆ ನಿಲ್ಲಿಸಿದ ಮೇಲೂ ಅದು 100 ಡಿಗ್ರಿ ಸೆಲ್ಸಿಯಸ್ ದಾಟಿರಬಹುದು. ಆ ಬಿಸಿ ಬ್ಲೇಡ್ ಬಳಸಿ ಕರುಳನ್ನು ಸರಿಸಲೇಬೇಡಿ.

ಕರುಳಿನ ಮೇಲೆ ಕಾಣುವ ಬಿಳಿಚಿದ ಚುಕ್ಕೆಗಿಂತ ಒಳಗೆ ಸತ್ತ ಅಂಗಾಂಶ ಅಗಲವಾಗಿರುತ್ತದೆ. ಅದು ಕಳಚಿ ತೂತು ಬೀಳಲು ಹಲವು ದಿನ ಹಿಡಿಯುತ್ತದೆ, ಅಷ್ಟರಲ್ಲಿ ರೋಗಿ ಮನೆಗೆ ಹೋಗಿರುತ್ತಾರೆ. ಇಳಿಯಬೇಕಾದ ನೋವು ಏರುತ್ತಿದ್ದರೆ, ನಾಡಿ ವೇಗವಾಗಿದ್ದರೆ, ಹೊಟ್ಟೆ ಉಬ್ಬಿದ್ದರೆ ಜ್ವರಕ್ಕಾಗಿ ಕಾಯದೆ ತಕ್ಷಣ ಆಸ್ಪತ್ರೆಗೆ ಬರಬೇಕು. ಡಿಸ್ಚಾರ್ಜ್ ಚೀಟಿಯಲ್ಲಿ ಇದನ್ನು ಬರೆದೇ ಕೊಡಿ.